ವಾರದ ತರಕಾರಿ ಬುಟ್ಟಿ ಮತ್ತು ಹೊಲದ ನಷ್ಟ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಅನೇಕ ಮನೆಗಳ ಬಾಗಿಲಿಗೆ ಈಗ ವಾರಕ್ಕೊಮ್ಮೆ ಒಂದು ರಟ್ಟಿನ ಪೆಟ್ಟಿಗೆಯೋ ಬಟ್ಟೆಯ ಚೀಲವೋ ಬಂದು ಸೇರುತ್ತದೆ. ಅದರಲ್ಲಿ ಒಂದು ವಾರಕ್ಕೆ ಸಾಲುವಷ್ಟು ಸೊಪ್ಪು, ತರಕಾರಿ, ಒಂದೆರಡು ಬಗೆಯ ಹಣ್ಣು ಇರುತ್ತವೆ. ತಿಂಗಳ ಹಣವನ್ನು ನಾವು ಮೊದಲೇ ಕಟ್ಟಿರುತ್ತೇವೆ. ಯಾವ ವಾರ ಏನು ಬರಬೇಕೆಂಬುದನ್ನು ಮಾತ್ರ ಬೆಳೆದವರೋ ಕಳಿಸುವವರೋ ತೀರ್ಮಾನಿಸುತ್ತಾರೆ. ಬೇಕೆಂದ ಹತ್ತು ನಿಮಿಷದಲ್ಲಿ ತಂದು ಕೊಡುವ ಆ್ಯಪ್‌ಗಳ ವ್ಯಾಪಾರಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಇದು. ನಾಲ್ಕು ವರ್ಷಗಳಿಂದ ಇಂಥ ಬುಟ್ಟಿಯನ್ನು ತರಿಸಿಕೊಳ್ಳುತ್ತಿರುವ ಗೃಹಿಣಿಯಾಗಿ, ಅದರ ಒಳಿತು ಕೆಡುಕುಗಳ ಬಗ್ಗೆ ಇಂದು ಮಾತನಾಡುತ್ತೇನೆ.

ನಮ್ಮ ಮನೆಗೆ ಬುಟ್ಟಿ ಬರುವುದು ಶನಿವಾರ ಬೆಳಿಗ್ಗೆ, ಆನೇಕಲ್ ಕಡೆಯ ಒಂದು ತೋಟದಿಂದ. ತೆರೆದ ಕೂಡಲೇ ಮೊದಲು ಬರುವುದು ಹಸಿ ಮಣ್ಣಿನ ವಾಸನೆ. ದಂಟಿನ ಸೊಪ್ಪಿನ ಬೇರಿಗೆ ಕೆಂಪು ಮಣ್ಣು ಇನ್ನೂ ಅಂಟಿಕೊಂಡಿರುತ್ತದೆ. ಹೀರೇಕಾಯಿಯ ಏಣುಗಳು ಉಗುರು ತಾಗಿದರೆ ಪಟ್ಟನೆ ಮುರಿಯುವಷ್ಟು ಬಿರುಸಾಗಿರುತ್ತವೆ. ಸೊಪ್ಪಿನ ವಿಷಯದಲ್ಲಿ ಈ ತಾಜಾತನಕ್ಕೆ ಬಹಳ ಬೆಲೆಯಿದೆ. ಎಲೆಗಳು ತೆಳ್ಳಗೂ ಅಗಲವಾಗಿಯೂ ಇರುವುದರಿಂದ ಕಿತ್ತ ಗಳಿಗೆಯಿಂದಲೇ ನೀರು ಬಿಡುತ್ತಾ ಬರುತ್ತವೆ, ಬಿಸಿಲಿನಲ್ಲಂತೂ ಕೆಲವೇ ಗಂಟೆಗಳಲ್ಲಿ ಬಾಡಿಹೋಗುತ್ತವೆ. ಸಂಜೆ ಕಿತ್ತ ಸೊಪ್ಪು ರಾತ್ರಿ ಗಾಡಿಯೇರಿ, ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಯನ್ನೋ ಕಲಾಸಿಪಾಳ್ಯವನ್ನೋ ಮುಟ್ಟಿ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಕೈಗೆ ಬರುವಷ್ಟರಲ್ಲಿ ನಾಲ್ಕಾರು ಕೈ ಬದಲಾಗಿ, ಮೇಲಿಂದ ಮೇಲೆ ನೀರು ಚಿಮುಕಿಸಿಕೊಂಡಿರುತ್ತದೆ. ತೋಟದಿಂದ ನೇರವಾಗಿ ಬಂದ ಸೊಪ್ಪಿಗೆ ಈ ಸುತ್ತಾಟವಿಲ್ಲ. ಆದರೆ ಈರುಳ್ಳಿ, ಆಲೂಗೆಡ್ಡೆ, ಕುಂಬಳಕಾಯಿಗಳಲ್ಲಿ ಇಂಥ ವ್ಯತ್ಯಾಸ ನನಗೆ ಕಂಡಿಲ್ಲ. ಅವುಗಳನ್ನು ಅಂಗಡಿಯಲ್ಲಿ ಕೊಂಡರೂ ನಡೆಯುತ್ತದೆ.

ತಾಜಾತನಕ್ಕಿಂತಲೂ ದೊಡ್ಡ ಲಾಭ ಬೆಲೆಯ ಸ್ಥಿರತೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಟೊಮೆಟೊ ಒಂದನ್ನೇ ನೋಡಿ. ಕೋಲಾರದ ಮಾರುಕಟ್ಟೆಯಲ್ಲಿ ಅದು 15 ಕಿಲೋ ತೂಕದ ಬಾಕ್ಸ್‌ಗಳಲ್ಲಿ ಹರಾಜಾಗುತ್ತದೆ. 2023ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ಕಿಲೋ ಟೊಮೆಟೊ ನೂರು ರೂಪಾಯಿ ದಾಟಿತ್ತು. ಸಾರಿಗೆ ಹುಣಸೆಹಣ್ಣೇ ಗತಿ ಎಂದುಕೊಂಡವರು ನಮ್ಮಲ್ಲಿ ಅನೇಕರಿದ್ದೇವೆ. ಅದೇ ಸೀಮೆಯಲ್ಲಿ ಬೆಲೆ ಬಿದ್ದ ಕಾಲಕ್ಕೆ, ಕೊಯ್ಲಿನ ಕೂಲಿಯೂ ಗಾಡಿಯ ಬಾಡಿಗೆಯೂ ಹುಟ್ಟದೆ, ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋಗುವುದನ್ನೂ ನಾವು ಕಂಡಿದ್ದೇವೆ. ಎರಡೂ ಸಂದರ್ಭಗಳಲ್ಲಿ ಬೆಳೆದವನಿಗೆ ನಾಳೆಯ ಬೆಲೆ ಗೊತ್ತಿರುವುದಿಲ್ಲ. ವರ್ಷವಿಡೀ ಒಂದೇ ದರಕ್ಕೆ ಬುಟ್ಟಿ ಕೊಡುವ ತೋಟದವರಿಗೆ ಮಾತ್ರ, ಬೀಜ ಬಿತ್ತುವ ಮೊದಲೇ ಇಷ್ಟು ಮನೆಗಳಿವೆ, ಇಷ್ಟು ಹಣ ಬರುತ್ತದೆ ಎಂಬ ಲೆಕ್ಕ ಸಿಗುತ್ತದೆ. ಟೊಮೆಟೊ ಅಗ್ಗವಾದಾಗ ನಾವು ಸ್ವಲ್ಪ ಹೆಚ್ಚು ಕೊಟ್ಟಂತಾಗುತ್ತದೆ, ತುಟ್ಟಿಯಾದಾಗ ಅವರು ಕಡಿಮೆಗೆ ಕೊಟ್ಟಂತಾಗುತ್ತದೆ.

ಈ ಏರ್ಪಾಡು ಹೊಸದೂ ಅಲ್ಲ. ಜಪಾನಿನಲ್ಲಿ 1970ರ ದಶಕದ ಆರಂಭದಲ್ಲಿ, ಆಹಾರದಲ್ಲಿ ಸೇರುತ್ತಿದ್ದ ಕೀಟನಾಶಕಗಳಿಗೆ ಹೆದರಿದ ಗೃಹಿಣಿಯರು ರೈತರೊಡನೆ ನೇರ ಒಪ್ಪಂದ ಮಾಡಿಕೊಂಡು ‘ತೇಯ್‌ಕೇಯ್’ ಎಂಬ ಪದ್ಧತಿಯನ್ನು ಬೆಳೆಸಿದರು. 1978ರಲ್ಲಿ ಅದಕ್ಕೆ ಹತ್ತು ನಿಯಮಗಳನ್ನು ಬರೆದುಕೊಂಡಾಗ, ಒಪ್ಪಿ ಬೆಳೆಸಿದ ಬೆಳೆಯನ್ನೆಲ್ಲ ಕೊಳ್ಳುವವರು ಸ್ವೀಕರಿಸಬೇಕು ಎಂಬುದೂ ಅವುಗಳಲ್ಲಿ ಒಂದಾಗಿತ್ತು. ಅಮೆರಿಕದಲ್ಲಿ ಇದೇ ಬಗೆಯ ಮೊದಲ ತೋಟಗಳು 1986ರಲ್ಲಿ ಆರಂಭವಾದವು. ನಮ್ಮ ನಾಡಿನಲ್ಲಿ ದಾರಿ ಬೇರೆಯಾಗಿತ್ತು. ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ 1959ರಲ್ಲಿ ಹುಟ್ಟಿ, ಇಂದು ಹಾಪ್‌ಕಾಮ್ಸ್ ಎಂದು ನಾವೆಲ್ಲ ಬಲ್ಲ ಸಂಸ್ಥೆ, ರೈತರಿಂದ ಕೊಂಡು ನಗರದ ಮಳಿಗೆಗಳಲ್ಲಿ ಮಾರುವ ವ್ಯವಸ್ಥೆಯನ್ನು ಕಟ್ಟಿತು. ಮನೆಬಾಗಿಲಿನ ಬುಟ್ಟಿ ಇಲ್ಲಿ ಹೆಚ್ಚು ಜನರಿಗೆ ಪರಿಚಯವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಆ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬಳ್ಳಿಯಲ್ಲೇ ಉಳಿದಿತ್ತು; ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಟ್ಟಾದ ಅಪಾರ್ಟ್‌ಮೆಂಟಿನವರು ಬೆಳೆಗಾರರಿಂದ ನೇರವಾಗಿ ಹಣ್ಣು, ತರಕಾರಿ ತರಿಸಿಕೊಳ್ಳಲು ಕಲಿತರು.

ಇನ್ನು ತೊಂದರೆಗಳ ಮಾತು. ಆಯ್ಕೆ ಕೈತಪ್ಪುವುದು ಮೊದಲನೆಯದು, ಅದು ಸಣ್ಣ ತೊಂದರೆಯೂ ಅಲ್ಲ. ನಮ್ಮ ಅಡುಗೆ ತಿಥಿ, ಹಬ್ಬ, ನೆಂಟರನ್ನು ನೋಡಿ ನಡೆಯುವಂಥದ್ದು. ಶ್ರಾದ್ಧದ ದಿನಕ್ಕೆ ಹಾಗಲಕಾಯಿ, ಬಾಳೆಕಾಯಿ, ಗೋರಿಕಾಯಿ ಬೇಕು. ಆ ವಾರದ ಬುಟ್ಟಿಯಲ್ಲಿ ಹೂಕೋಸು, ನವಿಲುಕೋಸು ಬಂದರೆ ಮತ್ತೆ ಮಾರುಕಟ್ಟೆಗೆ ಹೋಗಲೇಬೇಕು. ಮೂಲಂಗಿಯ ಕಾಲದಲ್ಲಿ ಮೂರು ವಾರ ಮೂಲಂಗಿಯೇ ಬಂದದ್ದುಂಟು. ಹುಳಿ, ಪಲ್ಯ, ಪರಾಠ ಎಲ್ಲ ಮುಗಿದ ಮೇಲೂ ಎರಡು ಉಳಿದಿದ್ದವು. ಇಬ್ಬರೇ ಇರುವ ಮನೆಗಳಲ್ಲಿ ಹೀಗೆ ಉಳಿದದ್ದು ಫ್ರಿಜ್ಜಿನ ತಳದಲ್ಲಿ ಕೊಳೆಯುತ್ತದೆ, ರೈತನಿಗೆ ಕೊಟ್ಟ ಹಣ ಕಸದ ಬುಟ್ಟಿ ಸೇರಿದಂತಾಗುತ್ತದೆ. ಮಾಗಿದ ಬಾಳೆಹಣ್ಣು, ಪರಂಗಿ, ಮಾವು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ. ಅವುಗಳ ಜೊತೆಯಲ್ಲಿಟ್ಟ ಸೊಪ್ಪು ಬೇಗ ಹಳದಿಯಾಗುತ್ತದೆ. ಆದ್ದರಿಂದ ಬುಟ್ಟಿ ಬಂದ ಕೂಡಲೇ ಹಣ್ಣನ್ನು ಬೇರೆಯಿಟ್ಟು, ಸೊಪ್ಪನ್ನು ತೇವದ ಬಟ್ಟೆಯಲ್ಲಿ ಸುತ್ತಿ, ಮೊದಲ ಎರಡು ದಿನಗಳಲ್ಲಿ ಸೊಪ್ಪನ್ನೇ ಬಳಸಿಬಿಡುವುದು ಲೇಸು.

ತಲುಪಿಸುವ ರೀತಿ ಸರಿಯಿಲ್ಲದಿದ್ದರೆ ತೋಟದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಈ ತೋಟ ಗೊತ್ತಾಗುವ ಮುನ್ನ ನಾವು ಒಂದು ಕಂಪನಿಯ ಪೆಟ್ಟಿಗೆ ತರಿಸುತ್ತಿದ್ದೆವು. ಏಪ್ರಿಲ್ ತಿಂಗಳ ಒಂದು ದಿನ ಹುಡುಗ ಅದನ್ನು ಗೇಟಿನ ಬಳಿ ಇಟ್ಟು ಹೋಗಿದ್ದ, ಫೋನು ಮಾಡಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕಾವಲುಗಾರರು ತಂದುಕೊಟ್ಟಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಮೆಂತ್ಯದ ಸೊಪ್ಪು ಬೆಂದಂತಾಗಿ, ಒಳಗೆಲ್ಲ ಬೆವರು ಕಟ್ಟಿ, ಲೋಳೆಯಾಗಿತ್ತು. ದೂರು ಕೊಟ್ಟಾಗ ಹಣವೇನೋ ಹಿಂದಿರುಗಿತು. ಆದರೆ ಆ ಸೊಪ್ಪನ್ನು ಬೆಳೆದವರಿಗೆ ಈ ಸಂಗತಿ ತಿಳಿಯಿತೇ, ಅವರ ಪಾಲಿನ ಹಣವನ್ನು ಹಿಡಿದುಕೊಂಡರೇ ಎಂದು ನಾನು ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ.

ಆ ಪ್ರಶ್ನೆಯೇ ಈ ವಿಷಯದ ತಿರುಳೆಂದು ನಾನು ತಿಳಿದಿದ್ದೇನೆ. ಬುಟ್ಟಿಯ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳು ನಡೆಯುತ್ತಿವೆ. ಒಂದರಲ್ಲಿ, ಬೆಳೆದದ್ದನ್ನು ಅಂಕುಡೊಂಕಿದ್ದರೂ ಮನೆಗಳು ಹಂಚಿಕೊಳ್ಳುತ್ತವೆ, ಮಳೆ ಹೊಡೆದ ವಾರ ಬುಟ್ಟಿ ಸಣ್ಣದಾದರೂ ಹಣ ಅಷ್ಟೇ ಕೊಡುತ್ತವೆ. ಇನ್ನೊಂದರಲ್ಲಿ, ಒಂದೇ ಗಾತ್ರದ, ಒಂದೇ ಬಣ್ಣದ ಕಾಯಿಗಳನ್ನು ಮಾತ್ರ ಆರಿಸಿಕೊಂಡು ಉಳಿದದ್ದನ್ನು ರೈತನಿಗೇ ಬಿಡುತ್ತಾರೆ. ಅವನು ಅದನ್ನು ಮತ್ತೆ ಸಿಕ್ಕ ಬೆಲೆಗೆ ಮಂಡಿಗೆ ಹಾಕಬೇಕು. ಹೊಲದ ನಷ್ಟವನ್ನು ಮನೆಗಳು ಹಂಚಿಕೊಳ್ಳದಿದ್ದರೆ ಬುಟ್ಟಿಗೂ ಸಂತೆಗೂ ರೈತನ ಮಟ್ಟಿಗೆ ಭೇದವಿಲ್ಲ, ಮಧ್ಯವರ್ತಿಯ ಹೆಸರಷ್ಟೇ ಬದಲಾಗಿರುತ್ತದೆ.

‘ಸಾವಯವ’ ಎಂಬ ಮಾತನ್ನೂ ಹೀಗೆಯೇ ಕೇಳಿ ತಿಳಿಯಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳು ಸಾವಯವವೆಂದು ಮಾರುವ ಆಹಾರಕ್ಕೆ ಪ್ರಮಾಣೀಕರಣವನ್ನು ಕೇಳುತ್ತವೆ, ‘ಜೈವಿಕ್ ಭಾರತ್’ ಎಂಬ ಮುದ್ರೆಯನ್ನೂ ಗೊತ್ತುಮಾಡಿವೆ. ಕೊಳ್ಳುವವರಿಗೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ಮಾತ್ರ ವಿನಾಯಿತಿಯಿದೆ. ಅಂದರೆ ಪಕ್ಕದೂರಿನ ರೈತರ ಚೀಲದ ಮೇಲೆ ಮುದ್ರೆಯಿಲ್ಲದಿದ್ದರೆ ಅನುಮಾನ ಪಡಬೇಕಾಗಿಲ್ಲ, ಒಮ್ಮೆ ತೋಟಕ್ಕೆ ಹೋಗಿ ನೋಡಿ ಬಂದರೆ ಆಯಿತು. ದೊಡ್ಡ ಕಂಪನಿ ಮುದ್ರೆಯಿಲ್ಲದೆ ಆ ಮಾತನ್ನಾಡಿದರೆ ಪ್ರಶ್ನಿಸಲೇಬೇಕು.

ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಅಮ್ಮನ ವಿಷಯವನ್ನು ಹೇಳದೆ ಈ ಮಾತನ್ನು ಮುಗಿಸಲಾರೆ. ಬುಟ್ಟಿ ಬರತೊಡಗಿದ ಮೇಲೆ ಒಂದು ತಿಂಗಳು ನಾನು ಅವರ ಗಾಡಿಯ ಬಳಿ ಹೋಗಿರಲಿಲ್ಲ. ಆಮೇಲೊಂದು ದಿನ ಎದುರಾದಾಗ ಅವರು, “ಯಾಕಮ್ಮಾ, ಊರಲ್ಲಿರಲಿಲ್ವಾ?” ಎಂದು ಕೇಳಿದರು. ನನಗೆ ಬಹಳ ಸಂಕಟವಾಯಿತು. ಬೇಕಾದಷ್ಟೇ ಕೊಳ್ಳುವ ಅನುಕೂಲ, ಮುಟ್ಟಿ ನೋಡಿ ಆರಿಸುವ ಸ್ವಾತಂತ್ರ್ಯ, ಕೊನೆಯಲ್ಲಿ ಕೊಸರಾಗಿ ಬರುವ ಕರಿಬೇವು, ಇವು ಯಾವ ಬುಟ್ಟಿಯಲ್ಲೂ ಇಲ್ಲ. ಅಂದಿನಿಂದ ದೊಡ್ಡ ಬುಟ್ಟಿಯನ್ನು ಬಿಟ್ಟು ಸಣ್ಣದನ್ನು ತರಿಸುತ್ತಿದ್ದೇನೆ. ವಾರದ ಕೊನೆಗೆ ಬೇಕಾಗುವ ಕೊತ್ತಂಬರಿ, ನಿಂಬೆಹಣ್ಣು, ಹಸಿಮೆಣಸಿನಕಾಯಿ, ಮಾಗಿಯ ಅವರೇಕಾಯಿ ಎಲ್ಲವೂ ಆ ಅಮ್ಮನ ಗಾಡಿಯಿಂದಲೇ ಬರುತ್ತವೆ.

ಕಳೆದ ಮಳೆಗಾಲದಲ್ಲಿ ತೋಟದಿಂದ ಫೋನು ಬಂತು. “ಅಮ್ಮಾ, ಮೂರು ದಿನದ ಮಳೆಗೆ ಸೊಪ್ಪೆಲ್ಲ ನೆಲಕ್ಕೆ ಮಲಗಿಬಿಟ್ಟಿದೆ. ಈ ವಾರ ಸೀಮೆಬದನೆ, ಬಾಳೆಕಾಯಿ ಅಷ್ಟೇ ಹಾಕ್ತೀನಿ. ದುಡ್ಡು ಎಷ್ಟು ಹಿಡಿದುಕೊಳ್ತೀರೋ ಹೇಳಿ” ಎಂದರು ಆ ರೈತರು. ಏನೂ ಹಿಡಿದುಕೊಳ್ಳುವುದಿಲ್ಲ, ಸೊಪ್ಪನ್ನು ಮತ್ತೆ ಬಿತ್ತಿ ಎಂದೆ. ಐದನೆಯ ವಾರ ದಂಟಿನ ಸೊಪ್ಪಿನ ಎರಡು ಎಳೆಯ ಕಟ್ಟುಗಳು ಬಂದವು.

ನಮಸ್ಕಾರ.