ಬಾಣಂತನದ ಖರ್ಚು ಯಾರ ಹೆಗಲಿಗೆ?

ಸಭೆಯಲ್ಲಿ ಸೇರಿರುವ ಹಿರಿಯರೇ, ಅಕ್ಕತಂಗಿಯರೇ, ಎಲ್ಲರಿಗೂ ನಮಸ್ಕಾರ.

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆದುಕೊಂಡು ಬರುವುದು ನಮ್ಮ ಅನೇಕ ಮನೆಗಳ ಪದ್ಧತಿ. ಹೆರಿಗೆಯಾದ ಮೇಲೆ ಮೂರು ತಿಂಗಳು, ಅನುಕೂಲವಿದ್ದರೆ ಐದು ತಿಂಗಳು ಬಾಣಂತನ. ಎಣ್ಣೆನೀರು, ಮೆಣಸಿನ ಸಾರು, ಅಂಟಿನುಂಡೆ. ಭಾರ ಎತ್ತಬಾರದು, ತಣ್ಣೀರಿನಲ್ಲಿ ಕೈ ಅದ್ದಬಾರದು. ದಿನಗಳನ್ನು ಕೂಡಿಸಿ ನೋಡಿ, ಹೆಚ್ಚುಕಡಿಮೆ ಆರು ತಿಂಗಳಾಗುತ್ತದೆ. 2017ರಲ್ಲಿ ಸಂಸತ್ತು ಹೆರಿಗೆ ರಜೆಯನ್ನು ಹನ್ನೆರಡು ವಾರದಿಂದ ಇಪ್ಪತ್ತಾರು ವಾರಕ್ಕೆ ಏರಿಸಿದಾಗ ನನಗೆ ನೆನಪಾದದ್ದು ನನ್ನ ಅಜ್ಜಿಯ ಈ ಲೆಕ್ಕ.

ಆದರೆ ಆ ಆರು ತಿಂಗಳ ಖರ್ಚು ಯಾರದು? ತವರಿನದು. ತವರು ಬಡವಾಗಿದ್ದರೆ ಸಾಲದ್ದು. ತವರೇ ಇಲ್ಲದವಳು ಮಗುವನ್ನು ಬದುವಿನ ಮೇಲೆ ಜೋಳಿಗೆ ಕಟ್ಟಿ ಮಲಗಿಸಿ ಕಳೆ ಕೀಳಲು ಹೋಗುತ್ತಿದ್ದಳು. ಈಗಲೂ ಹೋಗುತ್ತಾಳೆ. ಇಂದು ನಾನು ಮಾತನಾಡಬೇಕೆಂದಿರುವುದು ರಜೆ ಎಷ್ಟು ದಿನ ಎಂಬುದರ ಬಗ್ಗೆ ಅಲ್ಲ, ಅದರ ಹಣ ಯಾರ ಕೈಯಿಂದ ಬರಬೇಕು ಎಂಬುದರ ಬಗ್ಗೆ. ದಿನಗಳ ಜಗಳವನ್ನು ನಾವು ಬಹುಮಟ್ಟಿಗೆ ಗೆದ್ದಿದ್ದೇವೆ. ಹಣದ ಪ್ರಶ್ನೆಯನ್ನು ಸರಿಯಾಗಿ ಕೇಳಿಯೇ ಇಲ್ಲ.

ಕೇಳಿದವರು ಒಬ್ಬರಿದ್ದರು. 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಗೆ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಜನರ ಕ್ಷೇಮ ಮೊದಲು ಸರ್ಕಾರದ ಹೊಣೆಯಾದ್ದರಿಂದ ಈ ಭಾರದ ಬಹುಪಾಲನ್ನು ಸರ್ಕಾರವೇ ಹೊರಬೇಕು ಎಂದೂ ವಾದಿಸಿದರು. ಮರುವರ್ಷ ಮುಂಬೈ ಕಾಯಿದೆ ಬಂದಿತು, ಹೊಣೆಯನ್ನು ಮಾಲೀಕನ ತಲೆಗೇ ಕಟ್ಟಿತು. 1961ರ ಹೆರಿಗೆ ಸೌಲಭ್ಯ ಕಾಯಿದೆಯೂ ಅದೇ ದಾರಿ ಹಿಡಿಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಬದಲಿಸಲಿಲ್ಲ.

ಮಾಲೀಕ ಕೊಟ್ಟರೆ ತಪ್ಪೇನು ಎಂದು ನೀವು ಕೇಳಬಹುದು. ವಕೀಲಳಾಗಿ ನಾನೂ ವರ್ಷಗಟ್ಟಲೆ ಹಾಗೆಯೇ ಯೋಚಿಸಿದ್ದೆ. ಹನ್ನೆರಡು ಜನ ಕೆಲಸ ಮಾಡುವ ಒಂದು ಮುದ್ರಣಾಲಯದ ಹುಡುಗಿ ನನ್ನ ಬಳಿ ಬಂದ ಮೇಲೆ ಆ ಯೋಚನೆ ಅಲುಗಾಡಿತು. ಅವಳು ಪುಟ ವಿನ್ಯಾಸ ಮಾಡುತ್ತಿದ್ದಳು. ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ ಸಂಬಳ. ಗರ್ಭಿಣಿ ಎಂದು ತಿಳಿದ ಮರುತಿಂಗಳೇ ರಾಜೀನಾಮೆ ಬರೆಸಿಕೊಂಡಿದ್ದರು. ನೋಟಿಸು ಕೊಟ್ಟೆವು, ಮಾಲೀಕರು ಮಾತಿಗೆ ಬಂದರು. ಕೆಟ್ಟ ಮನುಷ್ಯರಲ್ಲ. "ಮೇಡಂ, ಅವಳಿಗೆ ಆರು ತಿಂಗಳ ಸಂಬಳ ಎಂದರೆ ಒಂದು ಲಕ್ಷ ನಲವತ್ತನಾಲ್ಕು ಸಾವಿರ. ಬದಲಿಗೆ ಬಂದವರಿಗೂ ಅಷ್ಟೇ ಕೊಡಬೇಕು. ಅದಕ್ಕಿಂತ ಗಂಡು ಹುಡುಗನನ್ನೇ ಇಟ್ಟುಕೊಳ್ಳುತ್ತೇನೆ" ಎಂದರು. ಅವಳಿಗೆ ಹಣ ಕೊಡಿಸಿದೆವು. ಆದರೆ ಅವಳ ಕುರ್ಚಿಯಲ್ಲಿ ಆಮೇಲೆ ಕುಳಿತದ್ದು ಹುಡುಗನೇ. ಆ ಪ್ರಕರಣವನ್ನು ಗೆದ್ದೆ ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಮನಸ್ಸಾಗುವುದಿಲ್ಲ.

ಇದೇ ಹುಡುಗಿಯ ಸಂಬಳ ಇಪ್ಪತ್ತೊಂದು ಸಾವಿರದ ಒಳಗಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆಗ ಅವಳು ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತಿದ್ದಳು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರಿಗೆ ಇದು ಚೆನ್ನಾಗಿ ಗೊತ್ತು. ಸಂಬಳದ ಶೇ. 0.75 ಕಾರ್ಮಿಕರದು, ಶೇ. 3.25 ಮಾಲೀಕರದು, ಎರಡೂ ಸೇರಿ ಒಂದು ನಿಧಿಗೆ ಹೋಗುತ್ತವೆ. ಹೆರಿಗೆಯಾದಾಗ ಇಪ್ಪತ್ತಾರು ವಾರದ ಹಣ ಆ ನಿಧಿಯಿಂದ ಬರುತ್ತದೆ. ಇಲ್ಲಿರುವ ಜಾಣತನವನ್ನು ಗಮನಿಸಿ: ಗಂಡಸಿನ ಹೆಸರಿನಲ್ಲೂ ಅದೇ ಶೇ. 3.25, ಹೆಂಗಸಿನ ಹೆಸರಿನಲ್ಲೂ ಅಷ್ಟೇ. ಹೆಂಗಸನ್ನು ಕೆಲಸಕ್ಕೆ ತೆಗೆದುಕೊಂಡರೆ ರಜೆಯ ಸಂಬಳವೆಂದು ಮಾಲೀಕನ ಜೇಬಿನಿಂದ ಒಂದು ರೂಪಾಯಿಯೂ ಹೆಚ್ಚು ಹೋಗುವುದಿಲ್ಲ. ಕಚೇರಿಗೆ ಅಲೆದಾಟ, ಕಾಗದಪತ್ರದ ತೊಡಕು ಎಲ್ಲ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಅಡಿಪಾಯ ಸರಿಯಾಗಿದೆ. 1948ರ ಕಾಯಿದೆಯಿಂದ ಶುರುವಾಗಿ ನಮ್ಮ ಕಣ್ಣೆದುರಿಗೇ ಇರುವ ಈ ವ್ಯವಸ್ಥೆಯನ್ನು ಎಲ್ಲ ಸಂಬಳದವರಿಗೂ ಏಕೆ ವಿಸ್ತರಿಸಬಾರದು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರ ತನ್ನ ಮೊದಲ ವರ್ಷದಲ್ಲೇ ಹೆರಿಗೆ ಭತ್ಯೆ ಸಾರ್ವಜನಿಕ ಹಣದಿಂದ ಅಥವಾ ವಿಮೆಯಿಂದ ಬರಬೇಕೆಂದು ಒಪ್ಪಂದ ಮಾಡಿತ್ತು. 2018ರಲ್ಲಿ ನಮ್ಮ ಕೇಂದ್ರ ಕಾರ್ಮಿಕ ಸಚಿವಾಲಯವೂ ಏಳು ವಾರದ ಸಂಬಳವನ್ನು ಮಾಲೀಕರಿಗೆ ಮರುಪಾವತಿಸುವ ಯೋಚನೆಯನ್ನು ಮುಂದಿಟ್ಟಿತ್ತು. ಅದು ಜಾರಿಗೆ ಬರಲಿಲ್ಲ.

ಇನ್ನು ಸಂಬಳದ ಚೀಟಿಯನ್ನೇ ಕಾಣದವರ ಮಾತು. ದುಡಿಯುವ ಹೆಂಗಸರಲ್ಲಿ ಬಹುಪಾಲು ಇವರೇ. ಮನೆಗೆಲಸದವರು, ಬೀಡಿ ಕಟ್ಟುವವರು, ಕಾಫಿ ಹಣ್ಣು ಬಿಡಿಸಲು ಹೋಗುವವರು, ಕೂಲಿಯವರು. ಇವರಿಗಾಗಿ ಇರುವುದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ. ಕೂಲಿಯ ನಷ್ಟವನ್ನು ಭಾಗಶಃ ತುಂಬಿ ತಾಯಿಗೆ ವಿಶ್ರಾಂತಿ ಸಿಗುವಂತೆ ಮಾಡುವುದು ತನ್ನ ಉದ್ದೇಶ ಎಂದು ಯೋಜನೆಯೇ ಹೇಳಿಕೊಂಡಿದೆ. ಮೊದಲ ಮಗುವಿಗೆ ಐದು ಸಾವಿರ ರೂಪಾಯಿ, ಅದೂ ಕಂತಿನಲ್ಲಿ. ಎರಡನೆಯದು ಹೆಣ್ಣಾದರೆ ಆರು ಸಾವಿರ. ಗಂಡಾದರೆ ಏನೂ ಇಲ್ಲ. ಆ ತಾಯಿಯ ಸೊಂಟ ನೋವಿಗೆ ಮಗು ಗಂಡೋ ಹೆಣ್ಣೋ ಎಂಬ ಭೇದವುಂಟೇ? 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಐದು ಸಾವಿರ ಎಂದರೆ ಹದಿನಾಲ್ಕು ದಿನವೂ ತುಂಬುವುದಿಲ್ಲ. ಕಾರ್ಖಾನೆಯ ತಾಯಿಗೆ 182 ದಿನ, ಹೊಲದ ತಾಯಿಗೆ ಹದಿಮೂರೂವರೆ ದಿನ. 2013ರ ಆಹಾರ ಭದ್ರತಾ ಕಾಯಿದೆ ಹೆರಿಗೆ ಸೌಲಭ್ಯವೆಂದು ಕನಿಷ್ಠ ಆರು ಸಾವಿರ ಹೇಳಿತ್ತು. ಆ ಕನಿಷ್ಠಕ್ಕೂ ಸಾವಿರ ಕಡಿಮೆ. ಪಕ್ಕದ ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಪೌಷ್ಟಿಕ ಆಹಾರದ ಕಿಟ್ ಸೇರಿ ಹದಿನೆಂಟು ಸಾವಿರ ಕೊಡುತ್ತಿದೆ. ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಕೊಡುವ ನಮ್ಮ ಮಾತೃಪೂರ್ಣ ಯೋಜನೆಯ ಬಿಸಿಯೂಟ ಒಳ್ಳೆಯದೇ. ಆದರೆ ಊಟದಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ.

ದಿನಗೂಲಿಯವರಿಗೆ ಇದೆಲ್ಲ ಸಲ್ಲದು ಎನ್ನುವವರಿಗೆ ಸುಪ್ರೀಂ ಕೋರ್ಟ್ 2000ದಲ್ಲೇ ಉತ್ತರ ಕೊಟ್ಟಿದೆ. ದೆಹಲಿ ಮಹಾನಗರ ಪಾಲಿಕೆಯಲ್ಲಿ ಹಾಜರಿ ಪಟ್ಟಿಯ ಮೇಲೆ ದುಡಿಯುತ್ತಿದ್ದ ಹೆಂಗಸರು ಹೆರಿಗೆ ರಜೆ ಕೇಳಿದ್ದರು. ಕಾಯಂ ಆಗಿಲ್ಲ ಎಂಬ ಪಾಲಿಕೆಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸಂವಿಧಾನದ 42ನೇ ವಿಧಿ ಹೆರಿಗೆಯ ನೆರವಿನ ಬಗ್ಗೆ ಹೇಳುವಾಗ ಕಾಯಂ, ಹಂಗಾಮಿ ಎಂದು ಬೇರೆ ಮಾಡಿಲ್ಲ. ಅದು ಹೊಣೆ ಹೊರಿಸಿರುವುದೂ ಪ್ರಭುತ್ವದ ಮೇಲೆ.

ಅಪ್ಪಂದಿರ ಬಗ್ಗೆ ಒಂದು ಮಾತು. ಸರ್ಕಾರಿ ನೌಕರನಾದ ಅಪ್ಪನಿಗೆ ಹದಿನೈದು ದಿನ ರಜೆ ಇದೆ, ಖಾಸಗಿಯವನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಸ್ವೀಡನ್ 1974ರಲ್ಲೇ ಹೆರಿಗೆ ರಜೆಯನ್ನು ಪಾಲಕರ ರಜೆಯಾಗಿ ಬದಲಿಸಿ ಸಾಮಾಜಿಕ ವಿಮೆಯಿಂದ ಹಣ ಕೊಡತೊಡಗಿತು. ಇಂದು ಅಲ್ಲಿ ತಂದೆತಾಯಿ ಇಬ್ಬರಿಗೂ ಸೇರಿ 480 ದಿನ. ಅದರಲ್ಲಿ ತೊಂಬತ್ತು ದಿನ ಅಪ್ಪನಿಗೇ ಮೀಸಲು, ಅವನು ತೆಗೆದುಕೊಳ್ಳದಿದ್ದರೆ ಹೋಯಿತು. ತವರು ದೂರವಾಗಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಕಾಲ ಇದು. ಬಾಣಂತಿಗೆ ನೀರು ಕಾಯಿಸಿ ಕೊಡುವವನು ಅವನಲ್ಲದೆ ಇನ್ನಾರು?

ನನ್ನ ಮಾತು ಇಷ್ಟು. ತಾಯಿ ಕಾರ್ಡ್ ಇದ್ದೂ ಕಂತಿನ ಹಣ ಬಾರದವರು ಈ ಸಭೆಯಲ್ಲಿದ್ದರೆ, ಅಥವಾ ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ, ಪಾಸ್‌ಬುಕ್ ಮತ್ತು ಕಾರ್ಡ್ ತೆಗೆದುಕೊಂಡು ಬನ್ನಿ. ನಾನು ಸಂಜೆಯವರೆಗೆ ಇಲ್ಲೇ ಇರುತ್ತೇನೆ, ಕುಳಿತು ಅರ್ಜಿ ಬರೆಯೋಣ.