ಖರಾಬು ಅನ್ನಬೇಡಿ, ಅದು ಚಿಗರಿಯ ಮನೆ

ಬೀದರಿನ ಎಲ್ಲ ಗೆಳೆಯರಿಗೂ ನಮಸ್ಕಾರ. ಸಸಿ ನೆಡಲು ನಾವು ಹುಡುಕುವ ಖರಾಬು ಬಯಲು, ಅಲ್ಲಿ ಬದುಕುವ ಚಿಗರಿ, ಅಂದರೆ ಕೃಷ್ಣಮೃಗ, ಇವುಗಳ ಬಗ್ಗೆ ಇವತ್ತು ನನ್ನ ಮಾತು.

ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಸಾಕು, ಮನೆತನದ ಕಸುಬು ಗೊತ್ತಾಗುತ್ತದೆ. ಬಡಿಗೇರ, ಕುಂಬಾರ, ಪತ್ತಾರ, ಹೂಗಾರ. ಊರಿನ ಹೆಸರು ಅವರು ಎಲ್ಲಿರುತ್ತಾರೆ ಅಂತ ಮಾತ್ರ ಹೇಳುತ್ತದೆ. ಅಡ್ಡಹೆಸರು ಊರಿನಲ್ಲಿ ಏನು ಮಾಡುತ್ತಿದ್ದರು ಅನ್ನೋದನ್ನೂ ಹೇಳುತ್ತದೆ.

ಪ್ರಾಣಿಗಳಿಗೂ ಹೀಗೆ ಎರಡು ಗುರುತು. ಇರುವ ಜಾಗ ಆವಾಸ. ಅಲ್ಲಿ ಅದು ಏನು ತಿನ್ನುತ್ತದೆ, ಯಾವ ಹೊತ್ತಿನಲ್ಲಿ ತಿನ್ನುತ್ತದೆ, ಯಾರಿಗೆ ಆಹಾರವಾಗುತ್ತದೆ, ಎಷ್ಟು ಬಿಸಿಲು ತಡೆಯುತ್ತದೆ, ಇದೆಲ್ಲ ಸೇರಿ ನಿಚ್. ನಾನಂತೂ ಕಸುಬು ಅಂತಲೇ ಕರೆಯುತ್ತೇನೆ. 1927ರಲ್ಲಿ ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ ಇದನ್ನೇ ಹೇಳಿದ್ದರು. ಊರಿನ ಪಾದ್ರಿ ಎದುರಾದರೆ ಅವರ ಕೆಲಸ ನೆನಪಾಗುತ್ತದಲ್ಲ, ಪ್ರಾಣಿ ಕಂಡಾಗಲೂ ಹಾಗೇ ಆಗಬೇಕು ಅಂತ.

ಯಾದಗಿರಿ ಜಿಲ್ಲೆಯ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹೋಗಿ ಸುಮ್ನೆ ಒಂದು ತಾಸು ಕೂತು ನೋಡಿ. ಬಣ್ಣದ ಕೊಕ್ಕರೆ ಮೊಣಕಾಲುದ್ದದ ನೀರಲ್ಲಿ ನಿಂತು, ಅರ್ಧ ತೆರೆದ ಕೊಕ್ಕನ್ನು ಮುಳುಗಿಸುತ್ತದೆ. ಮೀನು ತಾಗಿತೋ, ಟಪ್ ಎಂದು ಮುಚ್ಚುತ್ತದೆ. ಕಣ್ಣಿಗೆ ಕೆಲಸವೇ ಇಲ್ಲ. ಚಮಚದಂಥ ಕೊಕ್ಕಿನ ಹಕ್ಕಿ ಅದೇ ನೀರನ್ನು ಎಡಕ್ಕೂ ಬಲಕ್ಕೂ ಸವರುತ್ತಾ ನಡೆಯುತ್ತದೆ. ಆಳದ ನೀರು ನೀರುಕಾಗೆಯದು, ಅದು ಮುಳುಗಿ ಬೆನ್ನಟ್ಟುತ್ತದೆ. ಕಪ್ಪು-ಬಿಳಿ ಮಿಂಚುಳ್ಳಿ ಗಾಳಿಯಲ್ಲೇ ನಿಂತಲ್ಲಿ ರೆಕ್ಕೆ ಬಡಿದು ಕೆಳಗೆ ಬೀಳುತ್ತದೆ. ದೇವನಕ್ಕಿ ತನ್ನ ಉದ್ದ ಬೆರಳುಗಳಿಂದ ಎಲೆಗಳ ಮೇಲೇ ನಡೆದುಬಿಡುತ್ತದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತಿಗೆ ಮೀನಿನ ಗೊಡವೆಯೇ ಇಲ್ಲ, ಅದು ಹುಲ್ಲು ಮೇಯುತ್ತದೆ. ಕೆರೆ ಒಂದೇ, ಕಸುಬು ಬೇರೆ ಬೇರೆ.

1930ರ ದಶಕದಲ್ಲಿ ರಷ್ಯಾದ ವಿಜ್ಞಾನಿ ಗಾಸ್ ತನ್ನ ಪ್ರಯೋಗಗಳನ್ನು ಪ್ರಕಟಿಸಿದರು. ಒಂದೇ ಆಹಾರ ತಿನ್ನುವ ಎರಡು ಜಾತಿಯ ಪ್ಯಾರಮೀಸಿಯಂಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಏಕಕೋಶ ಜೀವಿಗಳನ್ನು, ಒಂದೇ ಗಾಜಿನ ಕೊಳವೆಯಲ್ಲಿ ಬಿಟ್ಟರೆ ಕೊನೆಗೆ ಒಂದು ಮಾತ್ರ ಉಳಿಯಿತು. ಸೋತ ಜಾತಿಯನ್ನು ತಳದಲ್ಲಿ ಉಣ್ಣುವ ಮೂರನೆಯ ಜಾತಿಯ ಜೊತೆ ಇಟ್ಟಾಗ ಎರಡೂ ಬದುಕಿದವು. ಬೋನಾಳದಲ್ಲಿ ಇದನ್ನು ಬರಿಗಣ್ಣಲ್ಲೇ ನೋಡಬಹುದು. ಹಾಗಾಗಿ ಕೆರೆಯಲ್ಲಿ ನೀರು ತುಂಬಿದೆ ಅಂದರೆ ಮುಗಿಯಲಿಲ್ಲ. ದಂಡೆ ಕೆತ್ತಿ ಎಲ್ಲ ಕಡೆ ಆಳ ಮಾಡಿದರೆ ನೀರುಕಾಗೆ ಉಳಿಯುತ್ತದೆ, ಕೊಕ್ಕರೆಗೆ ಕಾಲೂರಲು ಜಾಗ ಇರೋದಿಲ್ಲ.

ಹೂಗಾರರ ಮಗಳು ಡಾಕ್ಟರ್ ಆಗಬಹುದು, ಆಗಲೇಬೇಕು. ಚಿಗರಿ ಮಾತ್ರ ಕಾಡಿನ ಜಿಂಕೆಯ ಹಾಗೆ ಬದುಕಲಾರದು. ನಾನು ಇವತ್ತು ಬಂದಿರೋದು ಈ ಮಾತಿಗೇ.

ಪ್ರತಿ ಜೂನ್‌ನಲ್ಲಿ ಸಸಿ ನೆಡಲು ಜಾಗ ಹುಡುಕುತ್ತೇವೆ ಅಲ್ವಾ? ಮೊದಲು ಕಣ್ಣಿಗೆ ಬೀಳೋದು ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ್ದು, ಅಂತ ಬರೆದ ಬಯಲು. ಬೀದರ್ ಸುತ್ತ ಜಂಬಿಟ್ಟಿಗೆ ಕಲ್ಲಿನ ಮೇಲೆ ಎಷ್ಟೋ ಕಡೆ ಮಣ್ಣು ತೆಳು. ಅಲ್ಲಿ ಹುಲ್ಲೇ ಬೆಳೆಯಬೇಕಾದ್ದು. ಆ ಹುಲ್ಲೇ ಚಿಗರಿಯ ಊಟ. ಅದರ ರಕ್ಷಣೆ ಕಣ್ಣಲ್ಲಿದೆ, ಕಾಲಲ್ಲಿದೆ. ದೂರದಿಂದಲೇ ತೋಳವನ್ನು ನೋಡಬೇಕು, ಅಡ್ಡಿಯಿಲ್ಲದೆ ಓಡಬೇಕು. ಒಂದು ಕಾಲಕ್ಕೆ ಚೀತಾದ ಮುಂದೆ ಓಡಿದ ಪ್ರಾಣಿ ಇದು. 1952ರಲ್ಲಿ ಚೀತಾ ನಮ್ಮ ದೇಶದಲ್ಲಿ ಅಳಿಯಿತೆಂದು ಸರ್ಕಾರ ಘೋಷಿಸಿತು, ಓಟ ಮಾತ್ರ ಚಿಗರಿಯಲ್ಲಿ ಉಳಿದಿದೆ. ಬಯಲಿನ ತುಂಬ ಗಿಡ ಒತ್ತಾಗಿ ನೆಟ್ಟರೆ ನೋಟವೂ ಹೋಯಿತು, ಓಟವೂ ಹೋಯಿತು. ನೆರಳಿಗೆ ಹುಲ್ಲೂ ಸೊರಗುತ್ತದೆ. ನೆಲದ ಮೇಲೇ ಮೊಟ್ಟೆಯಿಡುವ ಟಿಟ್ಟಿಭ, ನೆಲಗುಬ್ಬಿಗಳಿಗೂ ಅದೇ ಗತಿ.

ಬಯಲು ಹೋದರೆ ಚಿಗರಿ ಹೊಲಕ್ಕೇ ಬರುತ್ತದೆ. ಚಿಗುರಿದ ಕಡಲೆ ಕಳೆದುಕೊಂಡ ರೈತನ ಸಿಟ್ಟು ನ್ಯಾಯವಾದದ್ದು. ಅವನಿಗೆ ಪರಿಹಾರ ಬೇಗ ಸಿಗಬೇಕು. ಅವನ ಹೊಲದ ಪಕ್ಕದ ಹುಲ್ಲುಗಾವಲೂ ಹುಲ್ಲುಗಾವಲಾಗಿಯೇ ಉಳಿಯಬೇಕು.

ಸಸಿ ನೆಡಿ. ಶಾಲೆಯ ಅಂಗಳದಲ್ಲಿ, ರಸ್ತೆ ಬದಿಯಲ್ಲಿ, ಹಿಂದೆ ಕಾಡಿದ್ದು ಬೋಳಾದ ಕಡೆ ನೆಡಿ. ಬಯಲಿಗೆ ಹೋಗುವ ಮುಂಚೆ ಮಾತ್ರ ಬೆಳಿಗ್ಗೆ ಒಂದು ಸುತ್ತು ನಡೆದು ನೋಡಿ. ಗಂಡು ಚಿಗರಿ ತನ್ನ ಗಡಿ ತೋರಿಸಲು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಅಂಥ ರಾಶಿ ಕಂಡರೆ ಅಲ್ಲಿ ಗುಂಡಿ ತೋಡಬೇಡಿ.