ಹೂಮಳೆ ಬಿತ್ತಾ ಸಾರ್?

ಕೇಳುಗರಿಗೆಲ್ಲ ನಮಸ್ಕಾರ.

ಮಡಿಕೇರಿಯಿಂದ ಹಳ್ಳಿ ಕಡೆಗೆ ಹೊರಡುವ ಸಂಜೆ ಬಸ್ಸಿನಲ್ಲಿ ಕೊಲೆ ಕೇಸಿನ ಮಾತು ಬಂತೆಂದರೆ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: "ಲೈಫ್ ಅಂದ್ರೆ ಹದಿನಾಲ್ಕು ವರ್ಷ. ಅದರಲ್ಲೂ ಹಗಲೊಂದು ದಿನ, ರಾತ್ರಿ ಒಂದು ದಿನ ಅಂತ ಲೆಕ್ಕ. ಏಳು ವರ್ಷಕ್ಕೆ ಹೊರಗೆ ಬರ್ತಾನೆ ನೋಡಿ." ಮೂವತ್ತು ವರ್ಷ ಕರಿಕೋಟು ಹಾಕಿದ ನಾನು ಪಕ್ಕದಲ್ಲೇ ಕೂತಿರುತ್ತೇನೆ. ತಿದ್ದಲು ಹೋದರೆ, "ನಿಮಗೆ ಗೊತ್ತಿಲ್ಲ ಬಿಡಿ ವಕೀಲರೇ" ಅನ್ನಿಸಿಕೊಂಡದ್ದೂ ಉಂಟು.

ಹಗಲು ರಾತ್ರಿಯ ಲೆಕ್ಕ ಶುದ್ಧ ಕಟ್ಟುಕತೆ. ಹದಿನಾಲ್ಕರ ಮಾತು ಅರ್ಧ ನಿಜ. ಜೀವಾವಧಿ ಎಂದರೆ ಜೀವ ಇರುವ ತನಕ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿಬಿಟ್ಟಿದೆ. ಗಾಂಧೀಜಿ ಹತ್ಯೆ ಪ್ರಕರಣದ ಗೋಪಾಲ ಗೋಡ್ಸೆ ಹಾಕಿದ್ದ ಅರ್ಜಿಯಲ್ಲಿ ಬಂದ ಮಾತು ಅದು. ಹದಿನಾಲ್ಕು ಬಂದದ್ದು 1978ರಲ್ಲಿ. ಗಲ್ಲು ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಹದಿನಾಲ್ಕು ವರ್ಷ ತುಂಬುವ ಮೊದಲು ಬಿಡಬಾರದು ಎಂದು ಕಾನೂನಿಗೆ ಒಂದು ಕಲಂ ಸೇರಿತು. ತುಂಬಿದ ಮೇಲೆ ಬಾಗಿಲು ತಟ್ಟಬಹುದು, ಅಷ್ಟೆ. ತಟ್ಟಬೇಕಾದದ್ದು ಸರ್ಕಾರದ ಬಾಗಿಲು. ಶಿಕ್ಷೆ ಕೊಟ್ಟ ಕೋರ್ಟಿನ ಬಾಗಿಲಿಗೆ ಅಷ್ಟು ಹೊತ್ತಿಗೆ ಬೀಗ ಬಿದ್ದಿರುತ್ತದೆ. ನಾನು ಇವತ್ತು ಹೇಳಲು ಹೊರಟದ್ದು ಆ ಬೀಗದ ವಿಚಾರ.

ನನ್ನ ಒಬ್ಬ ಕಕ್ಷಿದಾರ. ಹೆಸರು, ಊರು ಬೇಡ. ಒಂದು ವರ್ಷ ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಕೈಕೊಟ್ಟಿತು. ರೊಬಸ್ಟಾ ಕಾಫಿ ಮೊಗ್ಗು ಕಟ್ಟಿ ನೀರಿಗೆ ಕಾದು ನಿಂತರೆ ತೋಟದವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎರಡು ತೋಟದ ನಡುವೆ ಒಂದೇ ತೋಡು. ಎರಡು ಕಡೆಯೂ ಪಂಪು, ಎರಡು ಕಡೆಯೂ ಸ್ಪ್ರಿಂಕ್ಲರ್. ಒಬ್ಬರು ಪೈಪು ಸರಿಸಿದರು, ಇನ್ನೊಬ್ಬರು ಬೈದರು. ನಮ್ಮಲ್ಲಿ ಕೋವಿಗೆ ಬಹಳ ದೂರ ಹೋಗಬೇಕಾಗಿಲ್ಲ. ಇಪ್ಪತ್ಮೂರು ವರ್ಷದ ಹುಡುಗ ಒಳಗೆ ಹೋಗಿ ತಂದ. ಒಂದೇ ಈಡು. ಮೂರನೇ ದಿನ ಮಳೆ ಬಂತು.

ಮಡಿಕೇರಿಯ ಸೆಷನ್ಸ್ ಕೋರ್ಟಿನಲ್ಲಿ ಜೀವಾವಧಿ ಆಯಿತು, ಹೈಕೋರ್ಟಿನಲ್ಲೂ ನಿಂತಿತು. ತೀರ್ಪಿನಲ್ಲಿ ತಪ್ಪಿತ್ತೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವನನ್ನು ಮೈಸೂರು ಜೈಲಿಗೆ ಕಳುಹಿಸಿದರು. ಅಲ್ಲಿಂದ ಪ್ರತಿ ಏಪ್ರಿಲಿನಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಅಪೀಲಿನ ವಿಷಯ ಕೊನೆಯ ಸಾಲಿನಲ್ಲಿ. ಮೊದಲ ಸಾಲು ಯಾವಾಗಲೂ ಒಂದೇ: "ಹೂಮಳೆ ಬಿತ್ತಾ ಸಾರ್?"

ಹನ್ನೊಂದನೇ ವರ್ಷ ನಮ್ಮ ಸುಗ್ಗಿಹಬ್ಬ ಹುತ್ತರಿಗೆ ಪೆರೋಲ್ ಸಿಕ್ಕಿತು. ಆ ರಾತ್ರಿ ನಾನು ಅವರ ಮನೆಯಲ್ಲಿದ್ದೆ. ಕದಿರು ಕೊಯ್ಯಲು ಎಲ್ಲರೂ ಗದ್ದೆಗೆ ಇಳಿದರು, ಅವನೂ ದೀಪದ ಹಿಂದೆ ಬಂದ. ಕದಿರಿಗೆ ಕತ್ತಿ ಹಾಕುವಾಗ ಆಕಾಶಕ್ಕೆ ಈಡು ಹಾರಿಸುವ ಪದ್ಧತಿ ಉಂಟಲ್ಲ, ಅದಕ್ಕೆ ಸ್ವಲ್ಪ ಮೊದಲು ನೋಡುತ್ತೇನೆ, ಏರಿ ಹತ್ತಿ ದನದ ಕೊಟ್ಟಿಗೆಯ ಕಡೆ ಹೊರಟುಹೋಗಿದ್ದಾನೆ. ಈಡು ಕೇಳಿತು, "ಪೊಲಿ ಪೊಲಿ ದೇವಾ" ಎಂದು ಕೂಗಿದರು. ಅವನು ಹಿಂದಿರುಗಿ ಬಂದದ್ದು ಊಟಕ್ಕೆ ಎಲೆ ಹಾಕಿದ ಮೇಲೆ.

ಸನ್ನಡತೆ ಎಂದು ಫೈಲಿನಲ್ಲಿ ಒಂದು ಕಾಲಂ ಇರುತ್ತದೆ. ಇದನ್ನು ಅದರಲ್ಲಿ ಎಲ್ಲಿ ಬರೆಯುವುದು?

ನ್ಯಾಯಾಧೀಶರು ತೀರ್ಪಿಗೆ ಸಹಿ ಹಾಕಿದ ಮೇಲೆ ಅಕ್ಷರದೋಷ, ಲೆಕ್ಕದ ದೋಷ ಬಿಟ್ಟು ಬೇರೇನನ್ನೂ ತಿದ್ದುವ ಹಾಗಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 362ನೇ ಕಲಂ ಹೀಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 403 ಆಗಿದೆ. ಇಪ್ಪತ್ತು ವರ್ಷದ ನಂತರ ಮನುಷ್ಯನೇ ಬೇರೆ ಆಗಿರಬಹುದು, ಕೋರ್ಟು ನೋಡುವಂತಿಲ್ಲ. ಶಿಕ್ಷೆ ತಗ್ಗಿಸುವ ಅಧಿಕಾರ ಸರ್ಕಾರಕ್ಕೆ, ಸಂವಿಧಾನದ 161ನೇ ವಿಧಿಯ ಪ್ರಕಾರ ರಾಜ್ಯಪಾಲರಿಗೆ. ಕೋರ್ಟಿನ ಅಭಿಪ್ರಾಯ ಕೇಳುವುದುಂಟು. ಆದರೆ ಶಿಕ್ಷೆ ಕೊಟ್ಟ ನ್ಯಾಯಾಧೀಶರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರುತ್ತಾರೆ. ಈಗ ಆ ಕುರ್ಚಿಯಲ್ಲಿ ಕೂತವರು ಕೈದಿಯ ಮುಖ ಕಂಡವರಲ್ಲ. ಕಾರಣವಿಲ್ಲದೆ ಕಾಟಾಚಾರಕ್ಕೆ ಅಭಿಪ್ರಾಯ ಬರೆದು ಕಳುಹಿಸಬೇಡಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಇನ್ನೊಂದು ವಿಚಿತ್ರ. ಶಿಕ್ಷೆ ಉದ್ದ ಮಾಡಲು ಕೋರ್ಟುಗಳಿಗೆ ದಾರಿ ಸಿಕ್ಕಿದೆ. ನಮ್ಮ ಕರ್ನಾಟಕದ್ದೇ ಆದ, ಹೆಂಡತಿಯನ್ನು ಕೊಂದ ಶ್ರದ್ಧಾನಂದನ ಪ್ರಕರಣದಲ್ಲಿ, 2008ರಲ್ಲಿ, ಗಲ್ಲು ತಪ್ಪಿಸಿ ಸಾಯುವ ತನಕ ಬಿಡಬಾರದು ಎಂದು ಆಯಿತು. ಇಪ್ಪತ್ತೈದು, ಮೂವತ್ತು ವರ್ಷ ಮಾಫಿ ಇಲ್ಲ ಎಂದು ಹೈಕೋರ್ಟು, ಸುಪ್ರೀಂ ಕೋರ್ಟು ಆಜ್ಞೆ ಮಾಡಬಹುದು ಎಂದು 2015ರಲ್ಲಿ ಸಂವಿಧಾನ ಪೀಠವೂ ಒಪ್ಪಿತು. ಮುಂದಿನ ಮೂವತ್ತು ವರ್ಷವನ್ನು ಇವತ್ತೇ ಅಳೆಯಬಲ್ಲ ಕೋರ್ಟಿಗೆ, ಕಳೆದುಹೋದ ಇಪ್ಪತ್ತು ವರ್ಷವನ್ನು ಹಿಂದಿರುಗಿ ನೋಡುವ ಅಧಿಕಾರ ಮಾತ್ರ ಇಲ್ಲ. ಸರ್ಕಾರ ಅರ್ಜಿ ತಿರಸ್ಕರಿಸಿದರೆ ಹೈಕೋರ್ಟಿಗೆ ಹೋಗಬಹುದು ನಿಜ. ಅಲ್ಲಿ ಬಹುಪಾಲು ಸಿಗುವುದು "ಮತ್ತೊಮ್ಮೆ ಪರಿಶೀಲಿಸಿ" ಎಂಬ ಆದೇಶ. ಫೈಲು ಹೊರಟಲ್ಲಿಗೇ ವಾಪಸು.

ನಮ್ಮ ಹುಡುಗನ ಫೈಲೂ ಹಾಗೆ ಓಡಾಡಿತು. ಒಮ್ಮೆ ಒಂದು ಕಾಗದ ಇಲ್ಲವೆಂದು ಬಂತು. ಇನ್ನೊಮ್ಮೆ ಪೊಲೀಸ್ ವರದಿಯಲ್ಲಿ ಒಂದೇ ಸಾಲು: ಬಿಟ್ಟರೆ ಗ್ರಾಮದ ಶಾಂತಿಗೆ ಭಂಗ. ಬರೆದವರು ಆ ಠಾಣೆಗೆ ಬಂದು ಆರು ತಿಂಗಳಾಗಿತ್ತು.

ಇಷ್ಟೆಲ್ಲ ಕೇಳಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಸತ್ತವನ ಕಡೆಯ ಮಾತು ಎಲ್ಲಿ ಎಂದು. ಬರಬೇಕಾದದ್ದೇ. ಸತ್ತವನ ಹೆಂಡತಿ ತೋಡಿನ ಆಚೆ ಬದಿಯಲ್ಲೇ ಇದ್ದಾಳೆ. ಎರಡು ಮಕ್ಕಳನ್ನು ಒಬ್ಬಳೇ ಸಾಕಿದಳು. ಅವನ ವಕೀಲ ಎಂದು ಗೊತ್ತಿದ್ದೂ ಒಮ್ಮೆ ನನ್ನನ್ನು ನಿಲ್ಲಿಸಿ ಹೇಳಿದಳು: "ಬಿಡುವುದು, ಬಿಡದೇ ಇರುವುದು ಸರ್ಕಾರದ ಕೆಲಸ ವಕೀಲರೇ. ಆದರೆ ಪೆರೋಲಿಗೆ ಬಂದದ್ದು ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ಎದುರು ಸೀಟಿನಲ್ಲಿ ಕೂತಿದ್ದ. ಒಂದು ಮಾತು ಮೊದಲೇ ಹೇಳಬಾರದಿತ್ತಾ?"

ನನ್ನ ವಾದಕ್ಕೆ ದೊಡ್ಡ ಬಲ ಬಂದದ್ದು ಅವಳಿಂದಲೇ. ಕಚೇರಿಯ ಫೈಲು ಯಾರನ್ನೂ ಕರೆದು ಕೂರಿಸುವುದಿಲ್ಲ. ಕೋರ್ಟಾದರೆ ನೋಟಿಸು ಕೊಡಬೇಕು, ಎರಡೂ ಕಡೆ ಕೇಳಬೇಕು, ಕಾರಣ ಬರೆಯಬೇಕು, ಬರೆದದ್ದರ ಮೇಲೆ ಅಪೀಲು ಹೋಗಬಹುದು. 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಬಿಲ್ಕಿಸ್ ಬಾನು ಅವರ ಪ್ರಕರಣ ನೆನಪಿರಬಹುದು. 2022ರ ಆಗಸ್ಟ್ 15ರಂದು ಹನ್ನೊಂದು ಅಪರಾಧಿಗಳು ಹೊರಬಂದರು. ಆಕೆ ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಜನವರಿ 8ರಂದು ಆ ಬಿಡುಗಡೆ ರದ್ದಾಯಿತು, ಬಿಡುವ ಅಧಿಕಾರವೇ ಗುಜರಾತ್ ಸರ್ಕಾರಕ್ಕೆ ಇರಲಿಲ್ಲ ಎಂದು. ಬಡವನ ಫೈಲು ಕೊಳೆಯುವುದೂ, ಬೇಕಾದವರ ಫೈಲು ಓಡುವುದೂ ಒಂದೇ ಮೇಜಿನ ಮೇಲೆ.

ಜರ್ಮನಿಯಲ್ಲಿ ಜೀವಾವಧಿ ಕೈದಿಗೂ ಹೊರಬರುವ ಆಸೆ ಉಳಿದಿರಬೇಕು ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 1977ರಲ್ಲಿ ಹೇಳಿತು. ಈಗ ಹದಿನೈದು ವರ್ಷದ ನಂತರ ಅಲ್ಲಿ ನೋಡುವುದು ಕೋರ್ಟೇ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ 2016ರಲ್ಲಿ ಮಾಡಿದ ಕಾನೂನಿನಿಂದ, ಹದಿನೆಂಟು ತುಂಬುವ ಮೊದಲು ಅಪರಾಧ ಮಾಡಿ ದೀರ್ಘ ಶಿಕ್ಷೆ ಹೊತ್ತವರು ನ್ಯಾಯಾಧೀಶರ ಮುಂದೆ ಹೋಗಬಹುದು. ಆಮೇಲೆ ವಯಸ್ಸಿನ ಮಿತಿಯನ್ನು ಇಪ್ಪತ್ತೈದಕ್ಕೆ ಏರಿಸಿದರು. ಬಿಟ್ಟೇ ಬಿಡಬೇಕೆಂದು ಯಾರೂ ಬರೆದಿಲ್ಲ. ಒಮ್ಮೆ ಎದುರಿಗೆ ನಿಲ್ಲಿಸಿ ನೋಡಿ ಎಂದಷ್ಟೇ. ನಮ್ಮ ಸೆಷನ್ಸ್ ಕೋರ್ಟಿಗೂ ಹದಿನೈದನೇ ವರ್ಷಕ್ಕೆ ಇಷ್ಟು ಅಧಿಕಾರ ಕೊಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಕೇಸುಗಳ ಹೊರೆ ಹೆಚ್ಚಾಗುತ್ತದೆ, ಹೌದು. ಜಾಮೀನು ಅರ್ಜಿಗೆ ದಿನ ಕೊಡುವ ಕೋರ್ಟು ಇದಕ್ಕೂ ಒಂದು ಮಧ್ಯಾಹ್ನ ಕೊಡಲಿ.

ಹದಿನೆಂಟನೇ ವರ್ಷ, ಒಂದು ಜನವರಿ 26ರಂದು ಅವನು ಹೊರಬಂದ. ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿತ್ತು. ಅವಳಿಗೆ ಸುದ್ದಿ ಮುಟ್ಟಿದ್ದು ಕೊಯ್ಲಿಗೆ ಬಂದ ಹೆಂಗಸರಿಂದ. ಆ ಸಲವೂ ನೋಟಿಸು ಹೋಗಿರಲಿಲ್ಲ.

ಈಗ ಶುಕ್ರವಾರ ಮಡಿಕೇರಿ ಸಂತೆಗೆ ಇಬ್ಬರೂ ಬರುತ್ತಾರೆ. ಅವಳು ಬೆಳಗಿನ ಬಸ್ಸಿಗೆ, ಅವನು ಮಧ್ಯಾಹ್ನದ ಬಸ್ಸಿಗೆ. ಹಾಗೆ ಮಾಡಿ ಎಂದು ಇಬ್ಬರಿಗೂ ಯಾರೂ ಹೇಳಿದ್ದಲ್ಲ.

ನಮಸ್ಕಾರ.